ದೊಡ್ಡ ಪುಸ್ತಕದಂಗಡಿಗಳು ಮುಚ್ಚಿದ್ದು ಜನ ಓದದೇ ಇದ್ದುದಕ್ಕಾ?

ಪ್ರಶ್ನೆ: ಬೆಂಗಳೂರಿನ ಮಾಲ್‌ಗಳಲ್ಲಿ ದೊಡ್ಡ ದೊಡ್ಡ ಪುಸ್ತಕದಂಗಡಿಗಳಿದ್ದವು. ಈಗ ಹೋದರೆ ಆ ಜಾಗದಲ್ಲಿ ಬಟ್ಟೆ ಅಂಗಡಿ. ಅಂಥ ಕಂಪನಿಗಳಿಗೇ ನಡೆಸೋಕಾಗಲಿಲ್ಲ ಅಂದರೆ ಜನ ಓದೋದೇ ಬಿಟ್ಟರು ಅಂತ ಅಲ್ವಾ? ನಮ್ಮ ದಾವಣಗೆರೆಗೆ ಇನ್ನು ಅಂಥದ್ದು ಬರೋದೇ ಇಲ್ವಾ?

ಉತ್ತರ: ಅಲ್ಲ. ಓದುವವರು ಇದ್ದಾಗಲೇ ಅವು ಮುಚ್ಚಿದವು. ಈ ಪ್ರಶ್ನೆಯನ್ನು ನನ್ನ ಹತ್ತಿರ ಬಹಳ ಜನ ಕೇಳಿದ್ದಾರೆ. ಕೇಳುವಾಗ ದನಿಯಲ್ಲಿ ಒಂದು ಬೇಸರ ಇರುತ್ತದೆ, ತಪ್ಪೆಲ್ಲ ಓದುಗರದ್ದೇ ಅನ್ನುವ ಹಾಗೆ. ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ.

ನಮ್ಮೂರ ಬೆಣ್ಣೆ ದೋಸೆ ಹೋಟೆಲನ್ನೇ ತಗೊಳ್ಳಿ. ಬೆಳಗಿನ ಹಿಟ್ಟು ಮಧ್ಯಾಹ್ನದೊಳಗೆ ಖಾಲಿ. ಹಾಕಿದ ದುಡ್ಡು ಅವತ್ತೇ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಬಾಡಿಗೆ ಏರಿತು, ಬೆಣ್ಣೆ ದುಬಾರಿಯಾಯಿತು ಅಂದರೆ ದೋಸೆಗೆ ಐದು ರೂಪಾಯಿ ಏರಿಸಬಹುದು. ಪುಸ್ತಕದಂಗಡಿಗೆ ಇವೆರಡೂ ಇಲ್ಲ. ಬೆಲೆ ಪುಸ್ತಕದ ಮೇಲೆ ಅಚ್ಚಾಗಿಯೇ ಬಂದಿರುತ್ತದೆ. ಮಾಲ್‌ನಲ್ಲಿ ಮಾರಿದರೂ 300 ರೂಪಾಯಿ, ನಮ್ಮ ಮಂಡಿಪೇಟೆಯಲ್ಲಿ ಮಾರಿದರೂ 300 ರೂಪಾಯಿ. ಪ್ರಕಾಶಕರು ನೂರಕ್ಕೆ 30ರಿಂದ 40 ಕಮಿಷನ್ ಬಿಟ್ಟರು ಅಂತಿಟ್ಟುಕೊಳ್ಳಿ. ಅಂಗಡಿಗೆ ಸಿಗೋದು 90ರಿಂದ 120. ಬಾಡಿಗೆ, ಸಂಬಳ, ಕರೆಂಟು ಎಲ್ಲ ಅದರಲ್ಲೇ ಆಗಬೇಕು. ಆ ಪುಸ್ತಕ ನಾಳೆಯೇ ಹೋಗಬಹುದು, ಎರಡು ವರ್ಷ ಅಲ್ಲೇ ಕೂತಿರಲೂಬಹುದು. ಕೂತಷ್ಟು ದಿನವೂ ಅದರ ಜಾಗಕ್ಕೆ ಬಾಡಿಗೆ ಬೀಳುತ್ತಲೇ ಇರುತ್ತದೆ. ಅಂಗಡಿ ದೊಡ್ಡದಾದಷ್ಟೂ ಹೀಗೆ ಸುಮ್ನೆ ಕೂತ ಪುಸ್ತಕ ಜಾಸ್ತಿ.

ಇದರ ಮೇಲೆ ಆನ್‌ಲೈನ್ ಬಂತು. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಮಾರುತ್ತಿದ್ದದ್ದು ಪುಸ್ತಕವನ್ನೇ. 2013ರಲ್ಲಿ ಅಮೆಜಾನ್ ಕೂಡ ಇಲ್ಲಿ ಮಾರಾಟಕ್ಕೆ ಇಳಿಯಿತು. ಆನ್‌ಲೈನ್‌ನವರು ನೂರಕ್ಕೆ 30 ರಿಯಾಯಿತಿ ಕೊಟ್ಟರೆ ಅಂಗಡಿಯವನ ಹೆಚ್ಚುಕಮ್ಮಿ ಪೂರ್ತಿ ಕಮಿಷನ್ ಅದು. ಅವನು ಎಲ್ಲಿಂದ ಬಿಡಬೇಕು? ಹಾಗಂತ ಆನ್‌ಲೈನನ್ನು ನಾನು ಬೈಯಲಾರೆ. ಮೊದಲು ಒಂದು ಪುಸ್ತಕಕ್ಕಾಗಿ ಬೆಂಗಳೂರಿಗೆ ಹೋಗಿ ಬರುತ್ತಿದ್ದ ನಮ್ಮಂಥವರಿಗೆ ಅದು ಮನೆ ಬಾಗಿಲಿಗೆ ಬಂದಿದ್ದು ದೊಡ್ಡ ಉಪಕಾರವೇ.

ಆದರೆ ಆನ್‌ಲೈನ್ ಒಂದೇ ಕಾರಣ ಆಗಿದ್ದರೆ ಎಲ್ಲ ಅಂಗಡಿಗಳೂ ಮುಚ್ಚಬೇಕಿತ್ತು. ಅಮೆರಿಕದ ಬಾರ್ಡರ್ಸ್ ಕತೆ ಕೇಳಿ. 1971ರಲ್ಲಿ ಆನ್ ಆರ್ಬರ್ ಅನ್ನೋ ಊರಲ್ಲಿ ಇಬ್ಬರು ಅಣ್ಣತಮ್ಮಂದಿರು ತೆರೆದ ಪುಸ್ತಕದಂಗಡಿ. ಯಾವ ಊರಲ್ಲಿ ಯಾವ ಪುಸ್ತಕ ಹೋಗುತ್ತದೆ ಅಂತ ಲೆಕ್ಕ ಇಡೋಕೆ ತಮ್ಮದೇ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಂಡಿದ್ದರು. ಅದರಿಂದಲೇ ಬೆಳೆದರು. ಕಂಪನಿ ಆಮೇಲೆ ಬೇರೆಯವರ ಕೈಗೆ ಹೋಯಿತು. ನೂರಾರು ಮಳಿಗೆ, ದೊಡ್ಡ ಬಾಡಿಗೆ, ಮೈತುಂಬ ಸಾಲ. ಜಾಗ ತುಂಬಿಸೋಕೆ ಹಾಡಿನ ಸಿ.ಡಿ. ಇಟ್ಟರು, ಸಿ.ಡಿ. ಕೊಳ್ಳುವವರೇ ಕಡಿಮೆಯಾದರು. 2001ರಲ್ಲಿ ತಮ್ಮ ಆನ್‌ಲೈನ್ ಮಾರಾಟವನ್ನು ಅಮೆಜಾನ್ ಕೈಗೇ ಕೊಟ್ಟರು. 2011ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ, ಅದೇ ವರ್ಷ ಎಲ್ಲ ಮಳಿಗೆಗೂ ಬೀಗ. ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ನಮ್ಮಲ್ಲೂ ಆದದ್ದು ಹೆಚ್ಚುಕಮ್ಮಿ ಹಾಗೇ. ಲ್ಯಾಂಡ್‌ಮಾರ್ಕ್ ಅನ್ನೋ ಪುಸ್ತಕದಂಗಡಿ 1987ರಲ್ಲಿ ಚೆನ್ನೈನಲ್ಲಿ ಶುರುವಾಯಿತು, 2005ರಲ್ಲಿ ಟಾಟಾದವರ ಟ್ರೆಂಟ್ ಕೈಗೆ ಹೋಯಿತು. ಬರಬರುತ್ತಾ ಪುಸ್ತಕದ ಜಾಗಕ್ಕೆ ಆಟಿಕೆ ಬಂತು, ಗಿಫ್ಟ್ ಸಾಮಾನು ಬಂತು. ಕೊನೆಗೆ ಬಾಗಿಲು ಮುಚ್ಚಿತು.

ಇನ್ನೊಂದು ಕಾರಣ ನನ್ನ ಕಣ್ಣಿಗೆ ಬಿದ್ದದ್ದು ಬೆಂಗಳೂರಿನ ಒಂದು ಮಾಲ್‌ನ ಪುಸ್ತಕದಂಗಡಿಯಲ್ಲಿ. ಹೆಸರು ಬೇಡ. ಕನ್ನಡ ಪುಸ್ತಕಕ್ಕೆ ಮೂಲೆಯಲ್ಲಿ ಒಂದೇ ಕಪಾಟು. ಬೇಕಾದ ಕಾದಂಬರಿಯ ಹೆಸರು ಹೇಳಿದೆ. ಕೌಂಟರಿನ ಹುಡುಗ ಪಾಪ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದು ಹುಡುಕಿದ. ‘ಇಲ್ಲ ಸಾರ್’ ಅಂದ. ಪುಸ್ತಕ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವನ ತಪ್ಪೇನಿಲ್ಲ. ಯಾವ ಪುಸ್ತಕ ತರಿಸಬೇಕು ಅನ್ನೋದನ್ನು ಎಲ್ಲೋ ದೂರದ ಆಫೀಸು ತೀರ್ಮಾನಿಸುತ್ತಿತ್ತು. ಅವನಿಗೆ ಬಿಲ್ ಹಾಕುವ ಕೆಲಸ ಮಾತ್ರ.

ನನ್ನ ಪ್ರಕಾರ ರೋಗ ಇಲ್ಲಿದೆ. ದುರ್ಗ, ದಾವಣಗೆರೆ ಕಡೆ ಪಾಳೇಗಾರರ ಕತೆಯ ಪುಸ್ತಕ ಕೇಳಿಕೊಂಡು ಅಂಗಡಿಗೆ ಬರುವವರು ಯಾವ ಕಾಲಕ್ಕೂ ಇರುತ್ತಾರೆ. ಇದು ಕೌಂಟರಿನ ಮುಂದೆ ನಿಂತವನಿಗೆ ಗೊತ್ತಾಗುತ್ತದೆ, ದೂರದ ಆಫೀಸಿಗೆ ಗೊತ್ತಾಗಲ್ಲ. ಇಂಗ್ಲೆಂಡಿನ ವಾಟರ್‌ಸ್ಟೋನ್ಸ್ ಅನ್ನೋ ಪುಸ್ತಕದಂಗಡಿ ಕಂಪನಿ ಮುಳುಗುತ್ತಿದ್ದಾಗ 2011ರಲ್ಲಿ ಜೇಮ್ಸ್ ಡಾಂಟ್ ಅನ್ನುವವರು ವಹಿಸಿಕೊಂಡರು. ಪ್ರಕಾಶಕರಿಂದ ದುಡ್ಡು ಪಡೆದು ಎಲ್ಲ ಮಳಿಗೆಯಲ್ಲೂ ಒಂದೇ ಪುಸ್ತಕವನ್ನು ಮುಂದೆ ಜೋಡಿಸುವುದನ್ನು ನಿಲ್ಲಿಸಿದರು. ಆಯ್ಕೆಯನ್ನು ಆಯಾ ಊರಿನವರಿಗೆ ಬಿಟ್ಟರು. 2019ರಲ್ಲಿ ಅಮೆರಿಕದ ಪುಸ್ತಕದಂಗಡಿ ಕಂಪನಿ ಬಾರ್ನ್ಸ್ ಅಂಡ್ ನೋಬಲ್ ವಹಿಸಿಕೊಂಡು ಅಲ್ಲೂ ಅದನ್ನೇ ಮಾಡಿದರು. 2024ರಲ್ಲಿ ಆ ಕಂಪನಿ 50ಕ್ಕೂ ಹೆಚ್ಚು ಹೊಸ ಮಳಿಗೆ ತೆರೆದಿದೆ. ಅದೇ ಅಮೆಜಾನ್, ಅದೇ ಮೊಬೈಲು ಇರುವ ಕಾಲದಲ್ಲೇ!

ಇನ್ನು ನಮ್ಮ ಕಡೆಯ ಅಂಗಡಿಗಳು. ಸಪ್ನ ಬುಕ್ ಹೌಸ್ 1967ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಚಿಕ್ಕದಾಗಿ ಶುರುವಾಗಿ ದೊಡ್ಡದಾಯಿತು. ಪಠ್ಯಪುಸ್ತಕ, ನೋಟ್‌ಬುಕ್ಕು, ಕನ್ನಡ ಪ್ರಕಾಶನ ಎಲ್ಲ ಒಟ್ಟಿಗೆ ಇಟ್ಟುಕೊಂಡು ನಿಂತಿದೆ. ನಮ್ಮ ದಾವಣಗೆರೆಯ ಸಣ್ಣ ಅಂಗಡಿಗಳ ಗುಟ್ಟೂ ಅದೇ. ಇದು ಕಾಲೇಜುಗಳ ಊರು. ಜೂನ್ ಬಂತೆಂದರೆ ಕೌಂಟರಿನ ಮುಂದೆ ಕಾಲಿಡೋಕೆ ಜಾಗ ಇರಲ್ಲ. ಗೈಡು, ನೋಟ್‌ಬುಕ್ಕು, ಕೆ.ಎ.ಎಸ್., ಪೊಲೀಸ್ ಪರೀಕ್ಷೆಯ ಪುಸ್ತಕ. ಇವೇ ವರ್ಷದ ಬಾಡಿಗೆ ಕಟ್ಟುತ್ತವೆ. ಒಳಗಿನ ಒಂದು ಕಪಾಟು ಕತೆ, ಕಾದಂಬರಿ ಉಳಿದಿರೋದು ಆ ದುಡ್ಡಿನಲ್ಲೇ. ನಾನು ಹೋಗುವ ಅಂಗಡಿಯ ಯಜಮಾನರು ನನ್ನನ್ನು ಕಂಡ ಕೂಡಲೇ ‘ಬಂದೈತೆ ನೋಡ್ರಿ ಸರ್’ ಅಂತ ಒಳಗಿಂದ ಒಂದು ಪುಸ್ತಕ ತಂದಿಡುತ್ತಾರೆ. ಬಹಳ ಸಲ ಅದನ್ನು ಕೊಂಡೇ ಬಂದಿದ್ದೇನೆ.

ಮಾಲ್‌ನಂಥ ಅಂಗಡಿ ಇಲ್ಲಿಗೆ ಬರುವುದು ನನಗೆ ಕಷ್ಟ ಅನಿಸುತ್ತದೆ. ಬರದಿದ್ದರೂ ಬೇಸರವಿಲ್ಲ. ಆ ಒಂದು ಕಪಾಟು ಎರಡಾಗಲಿ ಅನ್ನೋದು ನನ್ನ ಆಸೆ. ನಿಮಗೆ ಬೇಕಾದ ಪುಸ್ತಕ ಅಲ್ಲಿ ಕಾಣದಿದ್ದರೆ ಸುಮ್ನೆ ಹಿಂದಿರುಗಬೇಡಿ. ಹೆಸರು, ಪ್ರಕಾಶಕರು ಯಾರು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಬೆಂಗಳೂರಿಂದ ಗೈಡುಗಳ ಬಂಡಲ್ ಬರುವಾಗ ಅದರ ಜೊತೆ ತರಿಸಿಕೊಡಿ ಅಂತ ಕೇಳಿ. ಸ್ವಲ್ಪ ದಿನ ಕಾಯಬೇಕಾಗಬಹುದು.