ಫೋಟೋಸಿಂಥೆಟಿಕ್ ಕಂಟ್ರೋಲ್: ಸಿಕ್ಕಲ್ಲೆಲ್ಲ ಅಂಟಿಸಬೇಡಿ

ಬಿಸಿಲು ಜಾಸ್ತಿಯಾಗಿ ಎಲೆ ಪತ್ರರಂಧ್ರ ಮುಚ್ಚಿಕೊಂಡರೂ ಫೋಟೋಸಿಂಥೆಟಿಕ್ ಕಂಟ್ರೋಲ್, ಹೆಚ್ಚಾದ ಬೆಳಕನ್ನು ಶಾಖವಾಗಿ ಬಿಟ್ಟರೂ ಅದೇ ಹೆಸರು. ಪರೀಕ್ಷೆ ನೋಟ್ಸ್‌ಗಳಲ್ಲಂತೂ ಇದು ತುಂಬಿಹೋಗಿದೆ. ದ್ಯುತಿಸಂಶ್ಲೇಷಣೆಯನ್ನು ಹಿಡಿದಿಡುವುದಕ್ಕೆಲ್ಲ ಈ ಹೆಸರಲ್ಲ ಮಾರಾಯ್ರೆ, ಇದು ಒಂದೇ ಜಾಗದಲ್ಲಿ ನಡೆಯುವ ಕೆಲಸ.

ಹೆಸರು ಬಂದದ್ದು ಮೈಟೋಕಾಂಡ್ರಿಯಾ ಕಡೆಯಿಂದ. ಅದಕ್ಕೆ ಎಡಿಪಿ (ಶಕ್ತಿಯ ಅಣು ಎಟಿಪಿ ತಯಾರಾಗುವ ಕಚ್ಚಾವಸ್ತು) ಕೊಟ್ಟರೆ ಆಮ್ಲಜನಕ ಬೇಗ ಬೇಗ ಖರ್ಚಾಗುತ್ತದೆ, ಎಡಿಪಿ ತೀರಿದರೆ ವೇಗ ಇಳಿಯುತ್ತದೆ. ಇದಕ್ಕೆ ರೆಸ್ಪಿರೇಟರಿ ಕಂಟ್ರೋಲ್ ಅನ್ನುತ್ತಿದ್ದರು. 1968ರಲ್ಲಿ ವೆಸ್ಟ್ ಮತ್ತು ವಿಸ್ಕಿಚ್ ಬಟಾಣಿ ಎಲೆಯ ಕ್ಲೋರೋಪ್ಲಾಸ್ಟ್‌ಗಳಲ್ಲೂ ಇಂಥದ್ದೇ ತೋರಿಸಿದರು: ಎಡಿಪಿ, ಫಾಸ್ಫೇಟ್ ಇದ್ದಷ್ಟು ಹೊತ್ತು ಬೆಳಕಿನ ಬಲದಿಂದ ನಡೆಯುವ ಎಲೆಕ್ಟ್ರಾನ್ ಓಟ ಜೋರು, ಆಮೇಲೆ ಮಂದ. ಅದೇ ಧಾಟಿಯಲ್ಲಿ ಈ ಹೆಸರು. ಎಟಿಪಿ ತಯಾರಿಕೆ ಎಲೆಕ್ಟ್ರಾನ್ ಓಟಕ್ಕೆ ಹಾಕುವ ಕಡಿವಾಣ, ಅಷ್ಟೇ.

ಎಟಿಪಿ ಸಿಂಥೇಸ್ (ಎಟಿಪಿ ತಯಾರಿಸುವ ಕಿಣ್ವ) ಮೂಲಕ ಪ್ರೋಟಾನ್ ಹೊರಗೆ ಹರಿಯುವುದು ಕಡಿಮೆಯಾದರೆ ಥೈಲಕಾಯ್ಡ್ (ಕ್ಲೋರೋಪ್ಲಾಸ್ಟ್ ಒಳಗಿನ ಪೊರೆಚೀಲ) ಒಳಗೆ ಆಮ್ಲೀಯತೆ ಏರುತ್ತದೆ. ಎಲೆಕ್ಟ್ರಾನ್ ಹೊತ್ತು ತರುವ ಪ್ಲಾಸ್ಟೋಕ್ವಿನಾಲ್ ತನ್ನ ಪ್ರೋಟಾನ್‌ಗಳನ್ನೂ ಅಲ್ಲಿಗೇ ಬಿಡಬೇಕು, ಅಲ್ವಾ? ಹಾಗಾಗಿ ಸೈಟೋಕ್ರೋಮ್ ಬಿ6ಎಫ್ (ಬೆಳಕು ಹಿಡಿದು ಎಲೆಕ್ಟ್ರಾನ್ ಓಡಿಸುವ ಫೋಟೋಸಿಸ್ಟಮ್ 2 ಮತ್ತು ಫೋಟೋಸಿಸ್ಟಮ್ 1ರ ನಡುವಿನ ಪ್ರೋಟೀನ್ ಕೂಟ) ಹತ್ತಿರ, ಮೊದಲೇ ನಿಧಾನವಾಗಿದ್ದ ಹಂತ ಇನ್ನೂ ನಿಧಾನವಾಗುತ್ತದೆ.

ಗೊಂದಲ ಹುಟ್ಟುವುದು ಎನ್‌ಪಿಕ್ಯು ಜೊತೆ, ಅಂದರೆ ಹೆಚ್ಚಾದ ಬೆಳಕನ್ನು ಶಾಖವಾಗಿ ಬಿಡುವ ಕೆಲಸದ ಜೊತೆ. ಅದನ್ನು ಎಬ್ಬಿಸುವುದೂ ಇದೇ ಆಮ್ಲೀಯತೆ. ಆದರೆ ಅದರ ಕೆಲಸ ಫೋಟೋಸಿಸ್ಟಮ್ 2ರ ಬೆಳಕು ಹಿಡಿಯುವ ಭಾಗದಲ್ಲಿ, ಎಲೆಕ್ಟ್ರಾನ್ ಹೊರಡುವ ಮುಂಚೆಯೇ. ಪಿಎಸ್‌ಬಿಎಸ್ ಪ್ರೋಟೀನು, ಜಿಯಾಕ್ಸಾಂಥಿನ್ ವರ್ಣದ್ರವ್ಯ ಎಲ್ಲ ಆ ಕಡೆಯವು. ಫೋಟೋಸಿಂಥೆಟಿಕ್ ಕಂಟ್ರೋಲ್ ತಡೆಯುವುದು ಹೊರಟಾದ ಎಲೆಕ್ಟ್ರಾನನ್ನು, ಕಾಯುವುದು ಫೋಟೋಸಿಸ್ಟಮ್ 1ನ್ನು. ಫೋಟೋಸಿಸ್ಟಮ್ 2ರಲ್ಲಿ ಕೆಟ್ಟ ಡಿ1 ಪ್ರೋಟೀನನ್ನು ಗಿಡ ದಿನವೂ ಬದಲಾಯಿಸುತ್ತಲೇ ಇರುತ್ತದೆ. ಫೋಟೋಸಿಸ್ಟಮ್ 1 ಕೆಟ್ಟರೆ ರಿಪೇರಿ ಬಹಳ ನಿಧಾನ.

ಎರಡೂ ಒಂದೇ ಅನ್ನುವವರು ಅರಾಬಿಡಾಪ್ಸಿಸ್ ಗಿಡ ನೋಡಲಿ. ಪಿಎಸ್‌ಬಿಎಸ್ ಇಲ್ಲದ ಗಿಡ ಬಯಲಲ್ಲಿ ಬೆಳೆದಾಗ ಬೀಜ ಕಡಿಮೆ ಕಟ್ಟುತ್ತದೆ, ಆದರೂ ಬದುಕುತ್ತದೆ. ಪಿಜಿಆರ್5 ಅನ್ನುವ ಪ್ರೋಟೀನು ಇಲ್ಲದ್ದು ಬೆಳಕು ಏರಿಳಿಯುವಲ್ಲಿ ಸಸಿಯಾಗಿರುವಾಗಲೇ ಸಾಯುತ್ತದೆ. ಅದಕ್ಕೆ ಒಳಗೆ ಸಾಕಷ್ಟು ಪ್ರೋಟಾನ್ ಕೂಡಿಸಲು ಆಗದು, ಬಿ6ಎಫ್ ಹತ್ತಿರ ತಡೆ ಬೀಳದು, ಎಲೆಕ್ಟ್ರಾನ್ ನುಗ್ಗಿ ಫೋಟೋಸಿಸ್ಟಮ್ 1 ಹಾಳಾಗುತ್ತದೆ.

ಪತ್ರರಂಧ್ರ? ಅದು ಮುಚ್ಚಿ ಇಂಗಾಲದ ಡೈಆಕ್ಸೈಡ್ ಸಿಗದೆ ಎಟಿಪಿ ಖರ್ಚು ಇಳಿದರೆ ಕಂಟ್ರೋಲ್ ಬೀಳಲು ಕಾರಣವಾಗಬಹುದು, ಆದರೆ ಅದೇ ಕಂಟ್ರೋಲ್ ಅಲ್ಲ. ಇನ್ನು ಸುಮ್ನೆ ಒಂದು ಕ್ಲೋರೋಫಿಲ್ ಫ್ಲೋರೆಸೆನ್ಸ್ (ಕ್ಲೋರೋಫಿಲ್ ಮರಳಿ ಸೂಸುವ ಬೆಳಕು) ಗ್ರಾಫ್ ಹಾಕಿ ‘ನೋಡಿ ಕಂಟ್ರೋಲ್’ ಅನ್ನುವುದೂ ಬೇಡ, ಅದು ಮುಖ್ಯವಾಗಿ ಫೋಟೋಸಿಸ್ಟಮ್ 2ರ ಕಥೆ. ಜೋರು ಬೆಳಕಲ್ಲೂ ಪಿ700 (ಫೋಟೋಸಿಸ್ಟಮ್ 1ರ ನಡುವಿನ ಕ್ಲೋರೋಫಿಲ್) ಆಕ್ಸಿಡೈಸ್ ಆಗಿಯೇ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡೇ, ಉಳಿದಿದೆಯಾ, ಅದನ್ನು ಅಳೆದು ತೋರಿಸಿ.