ಸಬರ್ಬ್ ಎಂದರೆ ಬಡಾವಣೆಯಲ್ಲ, ವಿಲೇಜ್ ಎಂದರೆ ಹಳ್ಳಿಯೂ ಅಲ್ಲ

ಕಳೆದ ವಾರ ಓದಿದ ಪ್ರವಾಸ ಲೇಖನವೊಂದರಲ್ಲಿ ಓಕ್ ಪಾರ್ಕ್ ಎಂಬ ಊರಿಗೆ ಮೂರು ಪುಟಗಳೊಳಗೆ ಮೂರು ಜನ್ಮಗಳಾಗಿದ್ದವು. ಮೊದಲ ಪುಟದಲ್ಲಿ ಅದು ‘ಚಿಕಾಗೋ ನಗರದ ಪ್ರತಿಷ್ಠಿತ ಬಡಾವಣೆ’, ಎರಡನೆಯದರಲ್ಲಿ ‘ಹೆಮಿಂಗ್ವೇ ಹುಟ್ಟಿದ ಪುಟ್ಟ ಹಳ್ಳಿ’, ಮೂರನೆಯದಕ್ಕೆ ಬರುವಷ್ಟರಲ್ಲಿ ‘ಚಿಕಾಗೋದ ಉಪನಗರ’. ಬರೆದವರೊಬ್ಬರನ್ನೇ ದೂರಿ ಫಲವಿಲ್ಲ. ಅಮೆರಿಕದ ಸಬರ್ಬುಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಈ ಮೂರು ಪದಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುವುದು ಎಷ್ಟು ರೂಢಿಯಾಗಿದೆಯೆಂದರೆ, ತಿದ್ದುವವರ ಕಣ್ಣಿಗೂ ಅದು ಬೀಳುವುದಿಲ್ಲ. ಅಲ್ಲಿನ ಹುಲ್ಲುಹಾಸು, ಗ್ಯಾರೇಜು, ನಿಶ್ಶಬ್ದ ಬೀದಿಗಳ ವರ್ಣನೆ ಓದುಗರಿಗೆ ಸಾಕಾಗುವಷ್ಟು ಸಿಕ್ಕಿದೆ. ಆದರೆ ಸಬರ್ಬ್ ಎಂಬ ಮಾತಿಗೂ ಹುಲ್ಲುಹಾಸಿಗೂ ಅಂಥ ನಂಟೇನೂ ಇಲ್ಲ.

ಎಡವಟ್ಟು ಶುರುವಾಗುವುದು ‘ಉಪ’ ಎಂಬ ಎರಡಕ್ಷರದಲ್ಲಿ. ಉಪಮುಖ್ಯಮಂತ್ರಿ, ಉಪಾಧ್ಯಕ್ಷ, ಉಪಕಸುಬು ಎಂದು ದಿನಬೆಳಗಾದರೆ ಕೇಳುವ ನಮ್ಮ ಕಿವಿಗೆ ಉಪ ಎಂದರೆ ಎರಡನೆಯದು, ಇನ್ನೊಂದರ ಕೈಕೆಳಗಿನದು. ಆದ್ದರಿಂದ ಉಪನಗರ ಎಂದೊಡನೆ ದೊಡ್ಡ ನಗರದ ಹಿಡಿತದಲ್ಲಿರುವ ಕಿರಿಯ ನಗರದ ಚಿತ್ರ ಮೂಡುತ್ತದೆ. ಆ ಉಪಸರ್ಗದ ಮೊದಲ ಅರ್ಥವಾದರೋ ಸಮೀಪ, ಬಳಿ ಎಂದಷ್ಟೇ. ವಟುವನ್ನು ಗುರುವಿನ ಬಳಿಗೆ ಒಯ್ಯುವುದು ಉಪನಯನ, ಬಳಿಯಲ್ಲಿ ಕುಳಿತುಕೊಳ್ಳುವುದು ಉಪನಿಷತ್ತು. ಲ್ಯಾಟಿನ್ನಿನ ‘ಸಬ್’ ಕೂಡ ಇದೇ ಜಾತಿಯ ಪ್ರಾಣಿ. ಸಬ್ ಇನ್‌ಸ್ಪೆಕ್ಟರ್, ಸಬ್ ರಿಜಿಸ್ಟ್ರಾರ್ ಎಂಬಲ್ಲಿ ಅದು ದರ್ಜೆಯನ್ನು ಸೂಚಿಸಿದರೆ, ನಗರವೆಂಬ ಅರ್ಥದ ‘ಉರ್ಬ್ಸ್’ ಜೊತೆ ಸೇರಿ ‘ಸುಬುರ್ಬಿಯುಮ್’ ಆದಾಗ ನಗರದ ಬುಡಕ್ಕೆ ಹತ್ತಿಕೊಂಡ, ಆದರೆ ಅದರ ಗೋಡೆಯ ಹೊರಗಿರುವ ಪ್ರದೇಶವನ್ನು ಹೇಳುತ್ತದೆ. ಗೋಡೆಯ ಹೊರಗೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಕಡೆಯ ಹಳೆಯ ಮಾತು ಇನ್ನೂ ನಿಖರವಾಗಿದೆ. ಅಮರಕೋಶದ ಪುರವರ್ಗದಲ್ಲಿ ಮೂಲನಗರಕ್ಕಿಂತ ಅನ್ಯವಾದ ಪುರಕ್ಕೆ ‘ಶಾಖಾನಗರ’ ಎಂಬ ಹೆಸರಿದೆ. ಕೊಂಬೆಯ ಹೋಲಿಕೆಯಿಂದ ಸಂಬಂಧವೂ ಉಳಿಯಿತು, ‘ಅನ್ಯ’ ಎಂಬ ಮಾತಿನಿಂದ ಬೇರೆತನವೂ ಉಳಿಯಿತು. ಅದೇ ಸಾಲಿನಲ್ಲಿ ಮುಂದಿನ ಪದ ‘ವೇಶ’, ಅಂದರೆ ವೇಶ್ಯೆಯರ ಕೇರಿ, ಎಂಬುದು ಕಾಕತಾಳೀಯವೇ ಇರಬಹುದು. ಆದರೆ ಮಧ್ಯಯುಗದ ಲಂಡನ್ನಿನಲ್ಲೂ ಗೋಡೆಯಾಚೆಯ ಸಬರ್ಬ್ ಎಂದರೆ ಚರ್ಮ ಹದ ಮಾಡುವವರು, ವೇಶ್ಯಾಗೃಹಗಳು, ಒಟ್ಟಿನಲ್ಲಿ ನಗರದೊಳಗೆ ಬೇಡವಾದದ್ದೆಲ್ಲ ಸೇರುವ ಜಾಗ. ಅಮೆರಿಕಕ್ಕೆ ಹೋದ ಮೇಲೆ ಆ ಪದದ ಮರ್ಯಾದೆ ಪೂರ್ತಿ ತಿರುವುಮುರುವಾಯಿತು. ಬದಲಾಗದೆ ಉಳಿದದ್ದು ಗೋಡೆಯೊಂದೇ, ಅದೂ ಕಲ್ಲಿನ ರೂಪ ಬಿಟ್ಟು ಕಾನೂನಿನ ರೂಪದಲ್ಲಿ.

ಆ ಗೋಡೆ ಹೇಗಿರುತ್ತದೆ ಎಂಬುದನ್ನು ಓಕ್ ಪಾರ್ಕಿನ ಪೂರ್ವದ ಅಂಚಿನಲ್ಲಿ ನಿಂತು ನೋಡಬೇಕು. ಅಲ್ಲಿ ಉತ್ತರ ದಕ್ಷಿಣವಾಗಿ ಆಸ್ಟಿನ್ ಬುಲೆವಾರ್ಡ್ ಎಂಬ ಸಾಧಾರಣ ರಸ್ತೆಯಿದೆ. ಅದರ ಪೂರ್ವ ಬದಿ ಆಸ್ಟಿನ್, 2020ರ ಜನಗಣತಿಯಲ್ಲಿ 27 ಲಕ್ಷಕ್ಕೂ ಹೆಚ್ಚು ಜನರಿದ್ದ ಚಿಕಾಗೋ ನಗರದ ಒಂದು ಭಾಗ. ಪಶ್ಚಿಮ ಬದಿ 54,583 ಜನರ ಓಕ್ ಪಾರ್ಕ್. ಎರಡೂ ಕಡೆ ಇಟ್ಟಿಗೆಯ ಮನೆಗಳು, ಎರಡೂ ಕಡೆ ಮರಗಳು, ಎರಡನ್ನೂ ಹಾದುಹೋಗುವುದು ಒಂದೇ ಗ್ರೀನ್ ಲೈನ್ ರೈಲು. ಆದರೆ ರಸ್ತೆ ದಾಟಿದರೆ ಪೊಲೀಸರು ಬೇರೆ, ಶಾಲಾ ಮಂಡಳಿ ಬೇರೆ, ಗ್ರಂಥಾಲಯ ಬೇರೆ. ರಾತ್ರಿ ಅನುಮತಿಯಿಲ್ಲದೆ ಬೀದಿಯಲ್ಲಿ ಕಾರು ನಿಲ್ಲಿಸಿದರೆ ದಂಡದ ಚೀಟಿ ಅಂಟಿಸಿ ಹೋಗುವುದು ಓಕ್ ಪಾರ್ಕಿನ ಪದ್ಧತಿ. ಆಸ್ಟಿನ್‌ಗೆ ಸ್ವಂತ ಆಡಳಿತ ಮಂಡಳಿಯಿಲ್ಲ; 50 ವಾರ್ಡುಗಳ ಚಿಕಾಗೋ ನಗರಸಭೆಯಲ್ಲಿ ಅದಕ್ಕೆ ತನ್ನ ಪಾಲಿನ ಪ್ರತಿನಿಧಿಗಳಿದ್ದಾರೆ, ಅಷ್ಟೇ. ಬಡಾವಣೆ ಎಂದು ಕರೆಯಬೇಕಾದದ್ದು ಆಸ್ಟಿನ್ನನ್ನು.

ಬಡಾವಣೆಯೋ ಸಬರ್ಬೋ ಎಂಬುದು ನಗರದಿಂದ ಎಷ್ಟು ದೂರ ಎಂಬುದರ ಮೇಲೆ ನಿಂತಿಲ್ಲ ಎಂಬುದಕ್ಕೆ ಈ ಎರಡರ ಇತಿಹಾಸವೇ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟಿನ್, ಓಕ್ ಪಾರ್ಕ್ ಎರಡೂ ಸಿಸೆರೋ ಟೌನ್‌ಶಿಪ್ ಎಂಬ ಒಂದೇ ಘಟಕದಲ್ಲಿದ್ದವು. 1899ರಲ್ಲಿ ನಡೆದ ಮತದಾನದಲ್ಲಿ ಆಸ್ಟಿನ್ನಿನವರು ಬೇಡವೆಂದರೂ ಟೌನ್‌ಶಿಪ್ಪಿನ ಉಳಿದವರ ಮತ ಹೆಚ್ಚಾಗಿ ಆಸ್ಟಿನ್ ಚಿಕಾಗೋದ ಪಾಲಾಯಿತು. ಮತ ಬಿದ್ದದ್ದು ಒಂದೇ ದಿನವಾದರೂ ಅಂದು ಬಡಾವಣೆಯಾದದ್ದು ಇಂದಿಗೂ ಬಡಾವಣೆಯೇ. ಉಳಿದ ಭಾಗ 1901ರಲ್ಲಿ ಒಡೆಯಿತು, 1902ರಲ್ಲಿ ಓಕ್ ಪಾರ್ಕ್ ‘ವಿಲೇಜ್’ ಆಗಿ ನೋಂದಾಯಿತವಾಯಿತು. ಹೆಮಿಂಗ್ವೇ ಹುಟ್ಟಿದ್ದು 1899ರ ಜುಲೈ 21ರಂದು. ಅಂದರೆ ಆತ ಹುಟ್ಟಿದಾಗ ಓಕ್ ಪಾರ್ಕ್ ಕಾನೂನಿನ ಲೆಕ್ಕದಲ್ಲಿ ವಿಲೇಜ್ ಕೂಡ ಆಗಿರಲಿಲ್ಲ. ‘ಪುಟ್ಟ ಹಳ್ಳಿ’ ಎಂಬ ಬಣ್ಣನೆ ಹೀಗೆ ಎರಡು ಬಗೆಯಲ್ಲಿ ತಪ್ಪು.

ಎರಡನೆಯ ಬಗೆ ಯಾವುದೆಂದರೆ, ಇಲಿನಾಯ್ ರಾಜ್ಯದಲ್ಲಿ ವಿಲೇಜ್ ಎಂಬುದು ಗಾತ್ರದ ಹೆಸರಲ್ಲ, ಆಡಳಿತದ ಮಾದರಿಯ ಹೆಸರು. ವಿಲೇಜಿಗೆ ಒಬ್ಬ ಅಧ್ಯಕ್ಷ, ಜೊತೆಗೆ ಟ್ರಸ್ಟಿಗಳ ಮಂಡಳಿ; ಸಿಟಿಗಾದರೆ ಮೇಯರ್ ಮತ್ತು ಕೌನ್ಸಿಲ್. ಒಡೆದ ಸಿಸೆರೋ ಟೌನ್‌ಶಿಪ್ಪಿನ ಮೂರು ಚೂರುಗಳು ಇಂದು ಅಕ್ಕಪಕ್ಕದಲ್ಲೇ ಇದ್ದು, ಒಂದು ಸಿಸೆರೋ ಟೌನ್, ಒಂದು ಬರ್ವಿನ್ ಸಿಟಿ, ಒಂದು ಓಕ್ ಪಾರ್ಕ್ ವಿಲೇಜ್. 2020ರ ಗಣತಿಯಂತೆ ‘ಟೌನ್’ನಲ್ಲಿ 85,268 ಜನರಿದ್ದರೆ, ‘ಸಿಟಿ’ಯಲ್ಲಿ 57,250 ಮಾತ್ರ. ಇವನ್ನು ಪಟ್ಟಣ, ನಗರ, ಹಳ್ಳಿ ಎಂದು ಅನುವಾದಿಸಿದರೆ ನಗರಕ್ಕಿಂತ ಪಟ್ಟಣವೇ ದೊಡ್ಡದೆಂಬ ವಿಚಿತ್ರ ನಕ್ಷೆಯನ್ನು ಓದುಗರ ಕೈಗಿಟ್ಟಂತಾಗುತ್ತದೆ. ಷಾಂಬರ್ಗ್ ಎಂಬ ಇನ್ನೊಂದು ವಿಲೇಜಿನ ಜನಸಂಖ್ಯೆ 78,723. ಅಲ್ಲಿನ ಮಂಡಳಿಯ ನಿರ್ಣಯವೊಂದನ್ನು ‘ಗ್ರಾಮ ಪಂಚಾಯಿತಿ ನಿರ್ಣಯ’ ಎಂದು ಬರೆದದ್ದನ್ನು ಕಂಡಿದ್ದೇನೆ. ವಿಲೇಜ್ ಎಂಬುದನ್ನು ಹೆಸರಿನ ಭಾಗವಾಗಿ ಹಾಗೆಯೇ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಸ್ವಂತ ಗಡಿ ಮತ್ತು ಸ್ವಂತ ಮಂಡಳಿ ಇರುವುದರಿಂದ ಆಗುವುದೇನು ಎಂದು ಕೇಳುವವರಿಗೆ ಓಕ್ ಪಾರ್ಕಿನದೇ ಉದಾಹರಣೆಯಿದೆ. 1950ರಲ್ಲಿ ಕಪ್ಪು ಜನಾಂಗದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಪರ್ಸಿ ಜೂಲಿಯನ್ ಅಲ್ಲಿ ಮನೆ ಕೊಂಡಾಗ, ಸಂಸಾರ ಒಳಗೆ ಕಾಲಿಡುವ ಮೊದಲೇ ಆ ಮನೆಗೆ ಬೆಂಕಿಯಿಡುವ ಪ್ರಯತ್ನ ನಡೆಯಿತು. ಮರುವರ್ಷ ಡೈನಮೈಟ್ ಎಸೆಯಲಾಯಿತು. ಇಂಥ ಊರು 1968ರಲ್ಲಿ ಮನೆ ಮಾರಾಟ, ಬಾಡಿಗೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ ಸ್ಥಳೀಯ ಕಾನೂನು ಮಾಡಿತು. ಕಪ್ಪು ಜನರು ನೆಲೆಸಲು ಬಂದಂತೆಲ್ಲ ಪಕ್ಕದ ಆಸ್ಟಿನ್ನಿನಿಂದ ಬಿಳಿಯರು ಗುಳೆ ಹೊರಟಂತೆ ಮನೆ ಮಾರಿ ಹೋಗುತ್ತಿದ್ದ ಆ ವರ್ಷಗಳಲ್ಲಿ, ಭೀತಿ ಹರಡಬಾರದೆಂದು ಮನೆಗಳ ಮುಂದೆ ‘ಮಾರಾಟಕ್ಕಿದೆ’ ಎಂಬ ಫಲಕ ನೆಡುವುದನ್ನೇ ನಿಲ್ಲಿಸಿತು. 1975ರಲ್ಲಿ ಹೊಸ ಆಡಳಿತ ಭವನವನ್ನು ಊರಿನ ನಡುವೆ ಕಟ್ಟದೆ, ಜನ ಅಂಜುತ್ತಿದ್ದ ಪೂರ್ವದ ಅಂಚಿನ ಸಮೀಪಕ್ಕೆ ಒಯ್ದಿತು. ಇವೆಲ್ಲ ಸರಿಯೋ ತಪ್ಪೋ ಎಂಬ ವಾದ ಬೇರೆ. ತೀರ್ಮಾನಿಸುವ ಅಧಿಕಾರ ಆ ಊರಿಗಿತ್ತು, ಅದೇ ಕಾಲದಲ್ಲಿ ಆಸ್ಟಿನ್ನಿಗಿರಲಿಲ್ಲ. ಪರ್ಸಿ ಜೂಲಿಯನ್ ಹೆಸರಿನ ಶಾಲೆ ಇಂದು ಓಕ್ ಪಾರ್ಕಿನಲ್ಲಿದೆ, ಅದೂ ಆ ಊರಿನ ಸ್ವಂತ ಶಾಲಾ ಮಂಡಳಿಯದೇ.

ನಮ್ಮಲ್ಲಿ ಈ ಅರ್ಥಕ್ಕೆ ಸಮೀಪವಾದದ್ದು ಇರಲಿಲ್ಲವೆಂದಲ್ಲ. ಯಲಹಂಕಕ್ಕೆ 2007ರವರೆಗೆ ತನ್ನದೇ ನಗರಸಭೆಯಿತ್ತು, ಕೆಂಗೇರಿಗೆ ಪುರಸಭೆಯಿತ್ತು; ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಎರಡೂ ಅದರೊಳಗೆ ಕರಗಿದವು, ಅದೂ ಊರವರ ಮತ ಕೇಳದೆ, ಸರ್ಕಾರದ ಆದೇಶದಿಂದ. ತಮಾಷೆಯೆಂದರೆ, ಬೇರೆ ಆಡಳಿತ ಹೋದ ಮೇಲೂ ಫಲಕಗಳಲ್ಲಿ ಯಲಹಂಕ ಉಪನಗರ, ಕೆಂಗೇರಿ ಉಪನಗರ ಎಂಬ ಹೆಸರುಗಳು ಉಳಿದುಕೊಂಡವು. ಬಸ್ಸಿನ ಬೋರ್ಡಿನಲ್ಲಿ ದಿನವೂ ಇದನ್ನು ಓದಿದವರಿಗೆ ಉಪನಗರವೆಂದರೆ ನಗರದೊಳಗಿನ ಬಡಾವಣೆಯೆಂದೇ ತೋರುವುದು ಸಹಜ. ಆ ತಿಳಿವಳಿಕೆಯನ್ನು ವಿಮಾನ ಹತ್ತಿಸಿ ಇಲಿನಾಯ್‌ವರೆಗೆ ಕೊಂಡೊಯ್ಯುವುದಷ್ಟೇ ಬೇಡ.

ಹಾಗಾದರೆ ಏನೆಂದು ಬರೆಯಬೇಕು? ಶಾಖಾನಗರವನ್ನು ಮತ್ತೆ ಚಲಾವಣೆಗೆ ತರುವ ಹುಮ್ಮಸ್ಸು ನನಗಿಲ್ಲ. ಸಬರ್ಬ್ ಎಂದೇ ಬರೆಯಬಹುದು, ಉಪನಗರವೂ ನಡೆಯುತ್ತದೆ; ಕೆಡಿಸುತ್ತಿರುವುದು ಪದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಷಷ್ಠೀ ವಿಭಕ್ತಿ. ‘ಚಿಕಾಗೋದ ಉಪನಗರ’ ಎಂದರೆ ಒಡೆತನ ಬಂತು, ‘ಚಿಕಾಗೋ ಬಳಿಯ ಉಪನಗರ’ ಎಂದರೆ ಉಪಸರ್ಗದ ಹಳೆಯ ಅರ್ಥವೇ ಮರಳಿ ಬಂತು. ಚಿಕಾಗೋ ಬಳಿಯ ಸಬರ್ಬುಗಳಾದ ನೇಪರ್‌ವಿಲ್ಲಿನಲ್ಲೋ ಅರೋರಾದಲ್ಲೋ ಇರುವ ಮಗನ ಬಗ್ಗೆ ತಾಯ್ತಂದೆಯರು ‘ಚಿಕಾಗೋದಲ್ಲಿದ್ದಾನೆ’ ಎನ್ನುವುದನ್ನು ಯಾರೂ ತಿದ್ದಬೇಕಾಗಿಲ್ಲ. ಮಾತಿನಲ್ಲಿ ದೊಡ್ಡ ಊರಿನ ಹೆಸರು ಹೇಳುವುದು ಎಲ್ಲ ಕಡೆಯ ವಾಡಿಕೆ. ಆದರೆ ಹಪ್ಪಳ ಸಂಡಿಗೆಯ ಪಾರ್ಸೆಲ್ ಕಳಿಸುವಾಗ ಅದೇ ತಾಯ್ತಂದೆಯರು ವಿಳಾಸದಲ್ಲಿ ನೇಪರ್‌ವಿಲ್ ಎಂದಷ್ಟೇ ಬರೆಯುತ್ತಾರೆ, ಚಿಕಾಗೋ ಎಂದು ಸೇರಿಸುವುದಿಲ್ಲ.