ಹಳೆ ಪೇಟೆಯ ಬೀದಿ, ಚೌಕಗಳಿಗೆ ಮತ್ತೆ ಜೀವ: ಅಗಲ–ಎತ್ತರದ ಲೆಕ್ಕ ನನಗೆ ತಿಳಿದ ಬಗೆ

ಹಳೆ ಪೇಟೆಗಳ ಬೀದಿ, ಚೌಕಗಳಿಗೆ ಮತ್ತೆ ಜೀವ ತುಂಬುವುದು ಹೇಗೆ ಅನ್ನುವ ಪಾಠದಲ್ಲಿ ನಾನು ಒದ್ದಾಡಿದ್ದು ಒಂದೇ ಕಡೆ. ಚೌಕದ ಅಗಲ, ಸುತ್ತಲಿನ ಕಟ್ಟಡಗಳ ಎತ್ತರ, ಇವೆರಡರ ಅನುಪಾತ. ಸೂತ್ರ ಒಂದೇ ಸಾಲಿನದು. ಆದರೆ ಅದನ್ನು ಹಿಡಿದು ಏನು ಮಾಡಬೇಕು ಅಂತ ಗೊತ್ತಾಗೋಕೆ ಮೂರು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸಂರಕ್ಷಣೆಯ ಕಾನೂನು, ಕಟ್ಟಡಗಳ ಪಟ್ಟಿ ಮಾಡುವ ವಿಧಾನ, ಇವೆಲ್ಲ ಒಮ್ಮೆ ಓದಿದರೆ ಅರ್ಥವಾಗುತ್ತವೆ. ಅವನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲು: ಖಾಲಿ ಜಾಗವನ್ನು ನೋಡಲು ಕಲಿಯುವುದು

1748ರಲ್ಲಿ ಜಾಂಬಟ್ಟಿಸ್ಟಾ ನೊಲ್ಲಿ ರೋಮ್ ನಗರದ ನಕ್ಷೆ ಮಾಡಿದ. ಕಟ್ಟಡಗಳಿಗೆ ಗಾಢ ಬಣ್ಣ, ಬೀದಿ ಮತ್ತು ಚೌಕಗಳಿಗೆ ಬಿಳಿ. ಚರ್ಚುಗಳ ಒಳಭಾಗವನ್ನೂ ಅವನು ಬಿಳಿಯಾಗಿಯೇ ಬಿಟ್ಟ. ಮೊದಲ ಸಲ ನೋಡಿದಾಗ ಅದು ತಪ್ಪು ಅನ್ನಿಸಿತು. ಚರ್ಚು ಕಟ್ಟಡ ತಾನೇ? ಆಮೇಲೆ ತಿಳಿಯಿತು. ಜನ ಬೀದಿಯಿಂದ ನೇರವಾಗಿ ಒಳಗೆ ನಡೆದು ಹೋಗಬಹುದಾದ ಜಾಗ ಅದು. ಹಾಗಾಗಿ ಅದೂ ಬೀದಿಯ ಮುಂದುವರಿಕೆಯೇ.

ಯಾವ ಹಳೆ ಪೇಟೆಯ ನಕ್ಷೆ ಕೊಟ್ಟರೂ ನಾನು ಈಗ ಮೊದಲು ಮಾಡುವುದು ಇದನ್ನೇ. ಕಟ್ಟಡಗಳನ್ನೆಲ್ಲ ಪೆನ್ಸಿಲ್‌ನಿಂದ ಕಪ್ಪು ಮಾಡಿಬಿಡುತ್ತೇನೆ. ಉಳಿದ ಬಿಳಿಯೇ ನಮ್ಮ ಕೆಲಸದ ಜಾಗ. ಆ ಬಿಳಿಗೂ ಒಂದು ಆಕಾರ ಇದೆ. ಕೆಲವು ಕಡೆ ಅದು ಕೋಣೆಯ ಹಾಗೆ ಮುಚ್ಚಿಕೊಂಡಿರುತ್ತದೆ, ಕೆಲವು ಕಡೆ ಚೆಲ್ಲಿಹೋಗಿರುತ್ತದೆ. ಚೆಲ್ಲಿಹೋದ ಕಡೆಗಳಲ್ಲೇ ಸಾಮಾನ್ಯವಾಗಿ ಕಾರುಗಳು ನಿಂತಿರುತ್ತವೆ.

ನಾನು ಎಡವಿದ ಮೆಟ್ಟಿಲು: ಅಗಲ ಭಾಗಿಸು ಎತ್ತರ

ಚೌಕದ ಒಂದು ಅಂಚಿನಲ್ಲಿ ನಿಂತು ಎದುರಿನ ಕಟ್ಟಡ ನೋಡುತ್ತೀರಿ ಅಂದುಕೊಳ್ಳಿ. ಕಟ್ಟಡದ ಎತ್ತರ 12 ಮೀಟರ್. ಚೌಕದ ಅಗಲವೂ 12 ಆದರೆ ಅನುಪಾತ 1. ಕಟ್ಟಡದ ತುದಿ ನೋಡೋಕೆ ಕಣ್ಣನ್ನು 45 ಡಿಗ್ರಿ ಮೇಲೆತ್ತಬೇಕು. ಗೋಡೆಯ ಸಣ್ಣ ಕೆತ್ತನೆಗಳು ಚೆನ್ನಾಗಿ ಕಾಣುತ್ತವೆ, ಇಡೀ ಕಟ್ಟಡ ಒಟ್ಟಿಗೆ ಕಾಣುವುದಿಲ್ಲ. ಅಗಲ 24 ಆದರೆ ಅನುಪಾತ 2, ಕೋನ ಸುಮಾರು 27 ಡಿಗ್ರಿ. ಕತ್ತು ಎತ್ತದೆ ಇಡೀ ಕಟ್ಟಡ ಕಣ್ಣಿಗೆ ಸಿಗುತ್ತದೆ. ಅಗಲ 36 ಆದರೆ ಅನುಪಾತ 3, ಕೋನ 18 ಡಿಗ್ರಿ. ಕಟ್ಟಡದ ಜೊತೆ ಅಕ್ಕಪಕ್ಕದವೂ, ಒಂದಿಷ್ಟು ಆಕಾಶವೂ ಕಾಣುತ್ತವೆ. 48 ಆದರೆ ಅನುಪಾತ 4, ಕೋನ 14 ಡಿಗ್ರಿ. ಇಲ್ಲಿಂದಾಚೆ ಗೋಡೆ ಸುತ್ತುವರಿದಿದೆ ಅನ್ನುವ ಭಾವನೆ ಸಡಿಲವಾಗುತ್ತದೆ. ಕಟ್ಟಡ ಬರೀ ಹಿನ್ನೆಲೆಯಾಗುತ್ತದೆ. ಈ ಕೋನಗಳ ಲೆಕ್ಕವನ್ನು 19ನೇ ಶತಮಾನದಲ್ಲಿ ಮುಂದಿಟ್ಟವನು ಜರ್ಮನಿಯ ಹರ್ಮನ್ ಮೇರ್ಟೆನ್ಸ್.

ಇಲ್ಲಿಯವರೆಗೆ ಸರಿ. ನಾನು ಲೆಕ್ಕ ಮಾಡಿದಾಗ ಮಾತ್ರ 27 ಬರಲೇ ಇಲ್ಲ, 23.4 ಬಂತು. ಮತ್ತೆ ಮಾಡಿದೆ, ಮತ್ತೆ 23.4. ಕಾರಣ ಇಷ್ಟೇ. ನೋಡುವವರ ಕಣ್ಣು ನೆಲದಲ್ಲಿ ಇರೋದಿಲ್ಲವಲ್ಲ ಅಂತ ನಾನು 12ರಿಂದ 1.6 ಮೀಟರ್ ಕಳೆದಿದ್ದೆ. 10.4 ಭಾಗಿಸು 24, ಆಗ ಕೋನ 23.4 ಡಿಗ್ರಿ. ಇದು ತಪ್ಪಲ್ಲ, ನಿಜಕ್ಕೂ ಇನ್ನಷ್ಟು ಕರಾರುವಾಕ್ಕು. ಆದರೆ ಪಠ್ಯದಲ್ಲಿ ಕೊಡುವ 45, 27, 18, 14 ಎಲ್ಲವೂ ಎತ್ತರವನ್ನು ನೆಲದಿಂದಲೇ ಹಿಡಿದ ಒರಟು ಲೆಕ್ಕ. ಯಾವುದಾದರೂ ಒಂದನ್ನು ಹಿಡಿಯಿರಿ. ಎರಡನ್ನೂ ಬೆರೆಸಿದರೆ ನನ್ನ ಹಾಗೆ ಒಂದು ಸಂಜೆ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡೋಕೆ ಒಂದು ದಾರಿ ಇದೆ. 24 ಸೆಂಟಿಮೀಟರ್ ಎತ್ತರದ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ. ನೆಲದ ಮೇಲೆ ಕೂತು ಕಣ್ಣನ್ನು ಮೇಜಿನ ಅಂಚಿನ ಮಟ್ಟಕ್ಕೆ ತನ್ನಿ. ಪುಸ್ತಕ ಅಂಚಿನಿಂದ 24 ಸೆಂಟಿಮೀಟರ್ ದೂರ ಇದ್ದಾಗ ಅದು ಮುಖದ ಮೇಲೆ ಬಿದ್ದ ಹಾಗಿರುತ್ತದೆ. 48ಕ್ಕೆ ಸರಿಸಿ. ಒಂದೇ ನೋಟಕ್ಕೆ ಪೂರ್ತಿ ಸಿಗುತ್ತದೆ. 96ಕ್ಕೆ ಸರಿಸಿದರೆ ಅದರ ಹಿಂದಿನ ಗೋಡೆ, ಕಿಟಕಿ ಎಲ್ಲ ಕಂಡು ಪುಸ್ತಕ ಅವುಗಳ ನಡುವೆ ಕಳೆದುಹೋಗುತ್ತದೆ. ಅನುಪಾತ 4 ಅಂದರೆ ಏನು ಅಂತ ನನಗೆ ತಿಳಿದದ್ದು ಆ ಕ್ಷಣದಲ್ಲಿ.

ಎರಡನೇ ಗೊಂದಲ ಓಣಿಗಳದ್ದು. 4 ಮೀಟರ್ ಅಗಲದ ಓಣಿ, ಎರಡೂ ಕಡೆ 12 ಮೀಟರ್ ಎತ್ತರದ ಮನೆಗಳು. ಅನುಪಾತ 0.33. ಲೆಕ್ಕದ ಪ್ರಕಾರ ಉಸಿರು ಕಟ್ಟಬೇಕು. ಆದರೆ ಹಳೆ ಪೇಟೆಗಳ ಓಣಿಗಳನ್ನು ಜನ ಇಷ್ಟಪಟ್ಟು ನಡೆಯುತ್ತಾರೆ, ಅಲ್ವಾ? ಓಣಿಯಲ್ಲಿ ಯಾರೂ ಎದುರು ಗೋಡೆ ನೋಡುತ್ತಾ ನಿಲ್ಲುವುದಿಲ್ಲ. ಉದ್ದಕ್ಕೂ ನೋಡುತ್ತಾ ನಡೆಯುತ್ತಾರೆ. ಸ್ವಲ್ಪ ದೂರಕ್ಕೆ ಒಂದು ತಿರುವು, ತಿರುವಿನ ಆಚೆ ಏನಿದೆ ಅನ್ನುವ ಕುತೂಹಲ. ಜೊತೆಗೆ ಕೆಲವೇ ಹೆಜ್ಜೆಗೊಂದು ಬಾಗಿಲು. 100 ಮೀಟರಿಗೆ 15ರಿಂದ 20 ಬಾಗಿಲು ಇದ್ದರೆ ಬೀದಿ ಚುರುಕಾಗಿರುತ್ತದೆ ಅಂತ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಹೇಳುತ್ತಾರೆ. ಹಾಗಾಗಿ ಓಣಿಗೆ ಅನುಪಾತ ಹಾಕಬೇಡಿ, ಬಾಗಿಲು ಎಣಿಸಿ. ಓಣಿ ಅಗಲ ಮಾಡುವ ಯೋಚನೆಯನ್ನು ಪಕ್ಕಕ್ಕಿಡಿ. ಅಲ್ಲಿ ನಿಜವಾದ ಪೆಟ್ಟು ಬೀಳುವುದು ನಾಲ್ಕೈದು ಸಣ್ಣ ಅಂಗಡಿಗಳನ್ನು ಒಂದುಗೂಡಿಸಿ ಉದ್ದದ ಗಾಜಿನ ಗೋಡೆ ಹಾಕಿದಾಗ.

ಮೂರನೆಯದೇ ಅಸಲಿ ಗೊಂದಲ. ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆ ಹೀಗಿತ್ತು: 60 ಮೀಟರ್ ಅಗಲದ ಚೌಕ, ಸುತ್ತ 12 ಮೀಟರ್ ಎತ್ತರದ ಹಳೆ ಕಟ್ಟಡಗಳು, ನೆಲವೆಲ್ಲ ಪಾರ್ಕಿಂಗ್. ಅನುಪಾತ 5, ಅಂದರೆ ತುಂಬಾ ಸಡಿಲ. ಏನು ಮಾಡುತ್ತೀರಿ?

ಕಟ್ಟಡದ ಮೇಲೆ ಮಹಡಿ ಏರಿಸೋಣ ಅಂತ ಮೊದಲು ಬರೆದೆ. ಅದು ಸರಿಯಲ್ಲ, ಐತಿಹಾಸಿಕ ಪೇಟೆಯಲ್ಲಿ ಕಾಪಾಡಬೇಕಾದದ್ದೇ ಆ ಎತ್ತರ. ಎರಡನೇ ಸಲ, ನಟ್ಟನಡುವೆ ಕಾರಂಜಿ ಇಡೋಣ ಅಂದೆ. ಅದೂ ನಿಲ್ಲಲಿಲ್ಲ. ಆಸ್ಟ್ರಿಯಾದ ವಾಸ್ತುಶಿಲ್ಪಿ ಕಮಿಲೊ ಸಿಟ್ಟೆ 1889ರಲ್ಲೇ ಗಮನಿಸಿದ್ದ: ಹಳೆಯ ಚೌಕಗಳಲ್ಲಿ ನಡುಭಾಗ ಖಾಲಿ, ಪ್ರತಿಮೆ ಮತ್ತು ಕಾರಂಜಿಗಳು ಬದಿಯಲ್ಲಿ. ಅವನು ಕೊಡುವ ಉದಾಹರಣೆ ನನಗೆ ತುಂಬಾ ಇಷ್ಟ. ಹಿಮ ಬಿದ್ದಾಗ ಮಕ್ಕಳು ಹಿಮದ ಬೊಂಬೆ ಮಾಡುವುದು ಗಾಡಿಗಳ ಚಕ್ರದ ಜಾಡು ಬೀಳದ ಕಡೆ. ಹಿಂದಿನವರು ಕಾರಂಜಿ, ಪ್ರತಿಮೆ ಇಟ್ಟಿದ್ದೂ ಅಂಥ ಕಡೆಗಳಲ್ಲೇ.

ಆಮೇಲೆ ಹೊಳೆಯಿತು. ಅಗಲ ಅಂದರೆ ಗೋಡೆಯಿಂದ ಗೋಡೆಗೆ ಮಾತ್ರ ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ಕಣ್ಣಿಗೆ ಅಂಚು ಅನ್ನಿಸುವ ಯಾವುದೇ ಸಾಲು ಅಗಲವನ್ನು ಒಡೆಯುತ್ತದೆ. ಎರಡು ಬದಿಯಲ್ಲೂ ಗೋಡೆಯಿಂದ 12 ಮೀಟರ್ ಬಿಟ್ಟು ಒಂದೊಂದು ಸಾಲು ಮರ ನೆಡಿ. ಬದಿಗಳಲ್ಲಿ 12 ಮೀಟರಿನ ಎರಡು ಪಟ್ಟಿ, ಅಲ್ಲಿ ಅನುಪಾತ 1. ನಡುವೆ 36 ಮೀಟರ್ ಬಯಲು. ಮರಗಳು ಬೆಳೆದು 12 ಮೀಟರ್ ಮುಟ್ಟಿದಾಗ ಅಲ್ಲಿ ಅನುಪಾತ 3. ಒಂದು ಕಟ್ಟಡವನ್ನೂ ಮುಟ್ಟದೆ 5 ಹೋಗಿ 1 ಮತ್ತು 3 ಆಯಿತು. ಈ ಅನುಪಾತ ಕಟ್ಟಡ ಬದಲಿಸೋಕೆ ಇರುವುದಲ್ಲ, ನೆಲದ ಮೇಲೆ ಏನಿಡಬೇಕು ಅಂತ ಹೇಳೋಕೆ ಇರುವುದು. ಮೂರು ದಿನದ ಕಷ್ಟಕ್ಕೆ ಸಿಕ್ಕಿದ್ದು ಈ ಒಂದು ಮಾತು.

ಎರಡು ಎಚ್ಚರಿಕೆ. ಸಸಿ ಸಣ್ಣದಿರುವಾಗ ಈ ಲೆಕ್ಕ ನಡೆಯುವುದಿಲ್ಲ, ಉತ್ತರದಲ್ಲಿ ಅದನ್ನು ಹೇಳಿ. ಮತ್ತೆ, ಹಳೆ ಚೌಕದ ಕೆಳಗೆ ನೆಲಮಾಳಿಗೆ, ಕೊಳವೆ, ಹಳೇ ಅಡಿಪಾಯ ಏನು ಬೇಕಾದರೂ ಇರಬಹುದು. ಬೇರಿಗೆ ಜಾಗ ಇದೆಯೇ ಅಂತ ನೋಡದೆ ಸಾಲು ಎಳೆಯಬೇಡಿ. ಜಾಗ ಇಲ್ಲದಿದ್ದರೆ ಹಗುರವಾದ ಮಂಟಪಗಳ ಸಾಲೂ ಒಂದು ಮಟ್ಟಿಗೆ ಅಂಚಿನ ಕೆಲಸ ಮಾಡುತ್ತದೆ.

ಕಾರುಗಳು ಎಲ್ಲಿಗೆ ಹೋಗುತ್ತವೆ?

ಒಂದು ಬೀದಿಯನ್ನು ವಾಹನಗಳಿಗೆ ಮುಚ್ಚಿದರೆ ಪಕ್ಕದ ಬೀದಿ ತುಂಬುತ್ತದೆ ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ, ವಾಹನ ಅಂದರೆ ಕೊಳವೆಯ ನೀರು ಅಂತ. ಆದರೆ ವಾಹನ ಓಡಿಸುವವರು ನೀರಲ್ಲ, ಯೋಚಿಸುವ ಮನುಷ್ಯರು. ಹೊತ್ತು ಬದಲಿಸುತ್ತಾರೆ, ಬಸ್ ಹತ್ತುತ್ತಾರೆ, ಎರಡು ಕೆಲಸ ಒಂದೇ ಸಲ ಮುಗಿಸುತ್ತಾರೆ. ರಸ್ತೆಯಲ್ಲಿ ವಾಹನಗಳ ಜಾಗ ಕಡಿಮೆ ಮಾಡಿದ 11 ದೇಶಗಳ 70ಕ್ಕೂ ಹೆಚ್ಚು ಉದಾಹರಣೆಗಳನ್ನು ನೋಡಿದ ಬ್ರಿಟನ್ನಿನ ಸಂಶೋಧಕರು 2002ರಲ್ಲಿ ಕಂಡದ್ದು ಇದು: ಅರ್ಧದಷ್ಟು ಕಡೆ, ಸುತ್ತಲಿನ ರಸ್ತೆಗಳನ್ನೂ ಸೇರಿಸಿ ಎಣಿಸಿದರೂ, ವಾಹನಗಳು ಶೇ. 11ಕ್ಕಿಂತ ಜಾಸ್ತಿ ಕಡಿಮೆಯಾಗಿದ್ದವು. ಎಲ್ಲ ಕಡೆಯೂ ಹಾಗೇ ಆಗುತ್ತದೆ ಅಂತ ಬರೆಯಬೇಡಿ.

ನಿಧಾನವೂ ಮುಖ್ಯ. ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರೋಯೆಟ್ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಾಗ ಕಾರಿಲ್ಲದ ಜಾಗ ಇದ್ದದ್ದು ಸುಮಾರು 15,800 ಚದರ ಮೀಟರ್. ಅದು ಸುಮಾರು ಒಂದು ಲಕ್ಷ ಆಗೋಕೆ ನಾಲ್ಕು ದಶಕ ಹಿಡಿಯಿತು. ಜನ ಅಭ್ಯಾಸ ಬದಲಿಸಲು ಸಮಯ ಸಿಕ್ಕಿತು. ಸ್ಪೇನಿನ ಪೊಂಟೆವೆಡ್ರಾ 1999ರಲ್ಲಿ ಶುರುಮಾಡಿ ಬೇಗಬೇಗ ಮಾಡಿತು. ಆದರೆ ಅದು ಊರಂಚಿನಲ್ಲಿ ಉಚಿತ ಪಾರ್ಕಿಂಗ್ ಕೊಟ್ಟು, ಅಲ್ಲಿಂದ ನಡೆದು ಬರುವ ಹಾಗೆ ಮಾಡಿತು. ಅಲ್ಲಿ ತಡೆದದ್ದು ಮುಖ್ಯವಾಗಿ ಪೇಟೆಯನ್ನು ಸುಮ್ಮನೆ ಹಾದು ಹೋಗುವ, ಪಾರ್ಕಿಂಗ್ ಹುಡುಕುತ್ತಾ ಸುತ್ತುವ ವಾಹನಗಳನ್ನು.

ಕೂರುವ ಜಾಗ, ವಾಸಿಸುವ ಜನ

ಚಿಕ್ಕದಾಗಿ ಎರಡೇ ಮಾತು. ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದ ವಿಲಿಯಂ ವೈಟ್ ಕಂಡದ್ದು: 30ರಿಂದ 90 ಸೆಂಟಿಮೀಟರ್ ಎತ್ತರದ ಯಾವ ಅಂಚಿನ ಮೇಲಾದರೂ ಜನ ಕೂರುತ್ತಾರೆ. ಹಾಗಾಗಿ ಬೆಂಚು ಹಾಕುವ ಮೊದಲು ಇರುವ ಕಟ್ಟೆ, ಮೆಟ್ಟಿಲುಗಳನ್ನು ಅಳೆಯಿರಿ. ಇನ್ನೊಂದು ಇಟಲಿಯ ಬೊಲೊನ್ಯಾ. 1970ರ ದಶಕದಲ್ಲಿ ಅದು ಹಳೆ ಪೇಟೆಯ ಮನೆಗಳನ್ನು ದುರಸ್ತಿ ಮಾಡಿ, ಅಲ್ಲಿದ್ದ ಸಾಧಾರಣ ವರಮಾನದ ಜನ ಅಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಲು ಹೊರಟಿತು. ಬೀದಿ ಚಂದವಾದ ಮೇಲೆ ಬಾಡಿಗೆ ಏರಿ ಜನರೇ ಹೊರಹೋದರೆ ರಾತ್ರಿ ಕಿಟಕಿಗಳಲ್ಲಿ ದೀಪ ಇರುವುದಿಲ್ಲ. ಈ ಅಂಶ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಉತ್ತರದಲ್ಲಿ ಬಿಡಬೇಡಿ.

ನೆಲ: ಇಲ್ಲಿ ಮಿಲಿಮೀಟರ್ ಲೆಕ್ಕ

ಫುಟ್‌ಪಾತ್ ಮತ್ತು ರಸ್ತೆಯನ್ನು ಒಂದೇ ಮಟ್ಟ ಮಾಡಿ, ಎಲ್ಲರೂ ಹಂಚಿಕೊಳ್ಳಲಿ ಅನ್ನುವ ವಿಧಾನ ಚಿತ್ರದಲ್ಲಿ ಚಂದ ಕಾಣುತ್ತದೆ. ಆದರೆ ಕಣ್ಣು ಕಾಣದವರಿಗೆ ಕೋಲಿನಿಂದ ಅಂಚು ಸಿಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಪರೀಕ್ಷೆ ಮಾಡಿ ನೋಡಿದಾಗ, 60 ಮಿಲಿಮೀಟರ್ ಅಥವಾ ಅದಕ್ಕಿಂತ ಎತ್ತರದ ಅಂಚುಕಲ್ಲು ಅವರಿಗೆ ಭರವಸೆಯಿಂದ ಗೊತ್ತಾಗುತ್ತಿತ್ತು. 2018ರಲ್ಲಿ ಬ್ರಿಟನ್ ಸರ್ಕಾರ ಇಂಥ ಸಮತಟ್ಟು ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸಿ ಅಂತ ಸ್ಥಳೀಯ ಸಂಸ್ಥೆಗಳಿಗೆ ಹೇಳಿತು. ಗಾಲಿಕುರ್ಚಿಗೆ ಇದರ ಉಲ್ಟಾ, ಅಂಚಿಲ್ಲದ ನೆಲ ಬೇಕು. ಅದಕ್ಕೆ ದಾಟುವ ಕಡೆ ಅಂಚನ್ನು ಇಳಿಸಿ, ಕೋಲಿಗೂ ಕಾಲಿಗೂ ಸಿಗುವ ಉಬ್ಬುಗಳ ಹಾಸುಗಲ್ಲು ಹಾಕುತ್ತಾರೆ. ಉರುಟು ಕಲ್ಲಿನ ಹಳೆ ನೆಲ ಇದ್ದರೆ ಅದನ್ನು ಕಿತ್ತು ಹಾಕದೆ, ನಡುವೆ ನಯವಾದ ಚಪ್ಪಡಿಯ ಒಂದು ಪಟ್ಟಿ ಓಡಿಸಿದರೆ ಸಾಕು.

ನೀರನ್ನು ಮರೆಯಬೇಡಿ. ರಸ್ತೆಗೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ಹಳೆ ಮನೆಗಳ ಹೊಸ್ತಿಲು ಕೆಳಗಾಗುತ್ತದೆ. ಗೋಡೆಯ ಬುಡಕ್ಕೆ ಒತ್ತಿ ಸಿಮೆಂಟ್ ಕಾಂಕ್ರೀಟ್ ಹಾಕಿದರೆ ನೆಲದ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಅದು ಸುಣ್ಣದ ಗಾರೆಯ ಗೋಡೆಯಲ್ಲಿ ಮೇಲೇರುತ್ತದೆ. ಹಾಗಾಗಿ ಹಳೆ ಪದರ ಕೆರೆದು ಮಟ್ಟ ಇಳಿಸಿ, ನೆಲದ ಇಳಿಜಾರು ಗೋಡೆಯಿಂದ ಆಚೆಗೆ ಇರಲಿ. ಗೋಡೆಯ ಬುಡದಲ್ಲಿ ನೀರು ಇಂಗುವ ಜಲ್ಲಿಯ ಪಟ್ಟಿ ಬಿಡಿ.

ಕೆಲಸದ ಕ್ರಮದಲ್ಲಿ ಮೊದಲು ಕೊಳವೆ ಮತ್ತು ಕೇಬಲ್, ಆಮೇಲೆ ಕಲ್ಲು. ಕಲ್ಲನ್ನು ಮರಳಿನ ಮೇಲೆ ಹಾಸಿದ್ದರೆ ಮುಂದೆ ಅಗೆಯುವಾಗ ಎತ್ತಿ, ಅದೇ ಕಲ್ಲನ್ನು ಮತ್ತೆ ಕೂರಿಸಬಹುದು. ನನ್ನ 60 ಮೀಟರ್ ಚೌಕದ ಅಡ್ಡಕೊಯ್ತದ ಚಿತ್ರದಲ್ಲಿ ಈಗ ಗೋಡೆಯ ಬುಡದಿಂದ ಹೀಗೆ ಬರೆಯುತ್ತೇನೆ: ಜಲ್ಲಿ ಪಟ್ಟಿ, ನಯವಾದ ಚಪ್ಪಡಿ, ಕೂರುವ ಕಟ್ಟೆ, ಮರದ ಸಾಲು, 60 ಮಿಲಿಮೀಟರ್ ಅಂಚುಕಲ್ಲು, ಸಾಮಾನಿನ ಗಾಡಿಗಳಿಗೆ ಒಂದು ದಾರಿ, ಆಮೇಲೆ ಖಾಲಿ ಬಯಲು.